ಮಗಳಿಗೆ ಪರದೆ, ಮಗನಿಗೆ ಹಾಸ್ಟೆಲ್

ಮಹಾಮಾರಿಯ ಬಳಿಕ ಆನ್‌ಲೈನ್ ಪಾಠದ ಬಗೆಗೆ ವಿದ್ಯಾರ್ಥಿಗಳ ಅಭಿಪ್ರಾಯ ಕೇಳುವುದು ರೂಢಿಯಾಗಿದೆ. ಉತ್ತರಗಳನ್ನೆಲ್ಲ ಒಟ್ಟುಗೂಡಿಸಿ ‘ಯುವಜನರು ಇದನ್ನು ಒಪ್ಪಿದ್ದಾರೆ’ ಎಂದು ಸಾರುವವರೂ ಇದ್ದಾರೆ. ಉತ್ತರಿಸಿದವರು ಎಲ್ಲಿ ಕುಳಿತಿದ್ದರು, ಕೈಯಲ್ಲಿದ್ದ ಫೋನು ಯಾರದು ಎಂದು ಮಾತ್ರ ಕೇಳುವುದಿಲ್ಲ.

ಪುಣೆ ಜಿಲ್ಲೆಯ ಭೋರ್ ತಾಲೂಕನ್ನೇ ನೋಡಿರಿ. ಒಂದೆಡೆ ಭಾಟಘರ್ ಜಲಾಶಯದ ಹಿನ್ನೀರು, ಇನ್ನೊಂದೆಡೆ ವರಂಧ ಘಾಟಿನ ದಾರಿ. ಇಲ್ಲಿನ ಪದವಿ ವಿದ್ಯಾರ್ಥಿಗೂ ಪುಣೆಯ ಬಹುಮಹಡಿ ಮನೆಯ ವಿದ್ಯಾರ್ಥಿಗೂ ವಿಶ್ವವಿದ್ಯಾಲಯ ಒಂದೇ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ದೇಶದ ಗ್ರಾಮೀಣ ಮನೆಗಳ ಪೈಕಿ ಕಂಪ್ಯೂಟರ್ ಇದ್ದುದು ಶೇ. 4.4ರಲ್ಲಿ, ಅಂತರ್ಜಾಲ ಸುಮಾರು ಶೇ. 15ರಲ್ಲಿ. ಈ ಬುನಾದಿಯ ಮೇಲೆ 2020ರ ಮಾರ್ಚಿನಲ್ಲಿ ತರಗತಿಗಳು ಮೊಬೈಲಿಗೆ ಸರಿದವು. 2021ರ ಮೇ ತಿಂಗಳಲ್ಲಿ ಯುಜಿಸಿ ಪ್ರತಿಯೊಂದು ವಿಷಯದ ಶೇ. 40ರವರೆಗಿನ ಭಾಗವನ್ನು ಆನ್‌ಲೈನ್‌ನಲ್ಲಿ ಬೋಧಿಸಬಹುದೆಂಬ ಕರಡನ್ನು ಮುಂದಿಟ್ಟಿತು. ಊರುಗೋಲನ್ನೇ ಕಾಲೆಂದು ಕರೆದಂತಾಯಿತು.

ಭೋರಿನ ಕಡೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದಿಷ್ಟು: “ರೆಕಾರ್ಡ್ ಆದ ಪಾಠ ಒಳ್ಳೆಯದೇ, ಅರ್ಥವಾಗದಿದ್ದರೆ ಮತ್ತೆ ಕೇಳಬಹುದು. ಬಸ್ಸಿನ ಖರ್ಚೂ ಉಳಿಯಿತು. ಆದರೆ ಮನೆಯಲ್ಲಿದ್ದಾಳೆಂದರೆ ಕೆಲಸಕ್ಕೆ ಸಿಗುತ್ತಾಳೆ ಎಂದಾಯಿತು. ಫೋನು ಮೊದಲು ಅಣ್ಣನಿಗೆ.” ಇವಳನ್ನು ಯಾವ ಪಟ್ಟಿಗೆ ಸೇರಿಸುವಿರಿ, ಒಪ್ಪಿದವರದಕ್ಕೋ, ಒಪ್ಪದವರದಕ್ಕೋ?

ಅದು ಹಳ್ಳಿಯ ಮರಾಠಿ ಮನೆಯ ಮಾತು ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ‘ಮನೆಯಲ್ಲೇ ಪದವಿ ದೊರೆಯುವಾಗ ಹೆಣ್ಣುಮಗಳಿಗೆ ಹಾಸ್ಟೆಲ್ ಏಕೆ?’ ಎಂಬ ಪ್ರಶ್ನೆ ಪುಣೆ, ಮುಂಬಯಿಗಳ ನಮ್ಮ ಶ್ರಾವಕ ಕುಟುಂಬಗಳಲ್ಲಿಯೂ ಕೇಳಿಬರುತ್ತಿದೆ. ಮಗನ ವಿಷಯದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಹಳೆಯ ಅಂಜಿಕೆಗೆ ಹೊಸ ತಂತ್ರಜ್ಞಾನದ ನೆಪ ದೊರೆತಿದೆ, ಅಷ್ಟೇ.

ಭೋರಿನ ದಕ್ಷಿಣಕ್ಕಿರುವ ಸಾತಾರೆಯಲ್ಲಿ, ಕುಂಭೋಜದಲ್ಲಿ ಹುಟ್ಟಿದ ನಮ್ಮವರೇ ಆದ ಭಾವೂರಾವ್ ಪಾಟೀಲರು 1924ರಲ್ಲಿ ಎಲ್ಲ ಜಾತಿಯ ಹುಡುಗರೂ ಒಟ್ಟಿಗೆ ಉಂಡು ಓದುವ ವಸತಿಗೃಹ ತೆರೆದರು. ಆ ಮಕ್ಕಳ ಊಟಕ್ಕೆಂದು ಪತ್ನಿ ಲಕ್ಷ್ಮೀಬಾಯಿಯವರು ಮಂಗಳಸೂತ್ರವನ್ನೂ ಕೊಟ್ಟರು. ಪಾಠವೊಂದೇ ಸಾಕಾಗಿದ್ದರೆ ಆ ದಂಪತಿಗೆ ಅಡುಗೆಮನೆಯ ಚಿಂತೆ ಏಕೆ ಬೇಕಿತ್ತು? ಅವರ ಭಾವಚಿತ್ರಕ್ಕೆ ಹಾರ ಹಾಕುವ ನಮ್ಮ ದತ್ತಿಗಳು ಹುಡುಗಿಯರಿಗಾಗಿ ಎಷ್ಟು ಕೊಠಡಿ ಕಟ್ಟಿಸಿವೆ?

ಮುಂದಿನ ಪಂಚಕಲ್ಯಾಣದ ಆಮಂತ್ರಣ ಅಚ್ಚಿಗೆ ಹೋಗುವ ಮುನ್ನ ಸಮಿತಿಯವರು ಆ ಲೆಕ್ಕವನ್ನೂ ಅದರಲ್ಲೇ ಅಚ್ಚು ಹಾಕಿಸಲಿ.