ಎಂ.ಎಸ್ಸಿ. ನರ್ಸ್‌ಗೆ ವಾರ್ಡ್‌ನಲ್ಲಿ ಹುದ್ದೆ ಎಲ್ಲಿದೆ?

ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್, ಕನಿಷ್ಠ ಒಂದು ವರ್ಷದ ಅನುಭವ, ಅದರ ಮೇಲೆ ಎರಡು ವರ್ಷದ ಎಂ.ಎಸ್ಸಿ. ಇಷ್ಟು ಓದಿ ಮಕ್ಕಳ ಆರೈಕೆಯಲ್ಲೋ ಹೆರಿಗೆ ಶುಶ್ರೂಷೆಯಲ್ಲೋ ಪರಿಣತಿ ಪಡೆದವರು ಆಸ್ಪತ್ರೆಗೆ ಬಂದರೆ ಅವರಿಗೆಂದೇ ಇರುವ ಕುರ್ಚಿ ಯಾವುದೂ ಇಲ್ಲ. ದೆಹಲಿಯ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಯನ್ನೇ ನೋಡಿ. ಬಿ.ಎಸ್ಸಿ. ಮುಗಿಸಿದವರೂ ಅದನ್ನು ಬರೆಯಬಹುದು, ಜಿಎನ್‌ಎಂ ಡಿಪ್ಲೊಮಾದ ಜೊತೆಗೆ ಎರಡು ವರ್ಷದ ಅನುಭವ ಇರುವವರೂ ಬರೆಯಬಹುದು. ಆಯ್ಕೆಯಾದವರೆಲ್ಲ ನರ್ಸಿಂಗ್ ಆಫೀಸರ್‌ಗಳು. ಏಳನೇ ವೇತನ ಆಯೋಗದ ಪ್ರಕಾರ ಎಲ್ಲರದ್ದೂ 44,900 ರೂಪಾಯಿಯ ಆರಂಭಿಕ ಮೂಲವೇತನ. ಎಂ.ಎಸ್ಸಿ. ಮಾಡಿಕೊಂಡು ಬಂದವರು ಅದೇ ಸಾಲಿನಲ್ಲಿ ನಿಲ್ಲಬೇಕು. ಡಿಪ್ಲೊಮಾದವರ ಸಂಬಳದ ಬಗ್ಗೆ ಯಾರೂ ಕರುಬಬೇಕಿಲ್ಲ, ಅದು ಅವರ ದುಡಿಮೆಗೆ ಸಲ್ಲಬೇಕಾದದ್ದು. ತಕರಾರಿರುವುದು ವಾರ್ಡ್‌ನಲ್ಲಿ ಮುಂದಿನ ಮೆಟ್ಟಿಲೇ ಇಲ್ಲದಿರುವುದಕ್ಕೆ. ಹಾಗಾಗಿ ಎಂ.ಎಸ್ಸಿ. ಆದವರು ಕಾಲೇಜಿನ ದಾರಿ ಹಿಡಿಯುತ್ತಾರೆ, ಇಲ್ಲವೇ ವಿಮಾನ ಹತ್ತುತ್ತಾರೆ. ಹೆಚ್ಚು ಕಲಿತಷ್ಟೂ ರೋಗಿಯಿಂದ ದೂರವಾಗುವ ಈ ಏರ್ಪಾಡನ್ನು ಇನ್ನೂ ಎಷ್ಟು ದಿನ ಸಹಿಸಬೇಕು?

ಇದು ನಿನ್ನೆ ಮೊನ್ನೆಯ ಮರೆವಲ್ಲ. ದೆಹಲಿಯ ರಾಜಕುಮಾರಿ ಅಮೃತ್ ಕೌರ್ ನರ್ಸಿಂಗ್ ಕಾಲೇಜಿನಲ್ಲಿ ಸ್ನಾತಕೋತ್ತರ ಶಿಕ್ಷಣ ಶುರುವಾದದ್ದು 1959ರಲ್ಲಿ. 1980ರ ದಶಕದ ಕೊನೆಯಲ್ಲಿ ಸರೋಜಿನಿ ವರದಪ್ಪನ್ ನೇತೃತ್ವದ ಉನ್ನತಾಧಿಕಾರ ಸಮಿತಿ ನರ್ಸ್‌ಗಳ ಕೆಲಸದ ಸ್ಥಿತಿಗತಿಯನ್ನು ವಿವರವಾಗಿ ಪರಿಶೀಲಿಸಿ ವರದಿ ಕೊಟ್ಟಿತು. ಆನಂತರ ಭಾರತೀಯ ಶುಶ್ರೂಷಾ ಪರಿಷತ್ತು ತೀವ್ರ ನಿಗಾ ಘಟಕಗಳಿಗೆಂದೇ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ರೆಸಿಡೆನ್ಸಿ ಕೋರ್ಸನ್ನು ರೂಪಿಸಿತು. ಪಠ್ಯಕ್ರಮ ಬಂತು, ಪರೀಕ್ಷೆ ಬಂತು. ಅದಕ್ಕೆ ತಕ್ಕ ಹುದ್ದೆ ಮಾತ್ರ ಬಹುತೇಕ ಸರ್ಕಾರಿ ಆಸ್ಪತ್ರೆಗಳ ಮಂಜೂರಾತಿ ಪಟ್ಟಿಗೆ ಇಳಿದು ಬರಲಿಲ್ಲ. ಕಾನೂನು ಈ ವಿಷಯದಲ್ಲಿ ಆಡಳಿತಕ್ಕಿಂತ ಉದಾರವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಸ್ವತಃ ನಿರ್ಧರಿಸಲಾಗದ ಸ್ಥಿತಿಯಲ್ಲಿರುವ ವ್ಯಕ್ತಿಯನ್ನು ಆಸ್ಪತ್ರೆಗೆ ಸೇರಿಸುವ ಮುನ್ನ ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಒಬ್ಬರು ಮನೋವೈದ್ಯರು, ಇನ್ನೊಬ್ಬರು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡ ಮಾನಸಿಕ ಆರೋಗ್ಯ ನರ್ಸ್ ಆಗಿರಬಹುದು. ಸಂಸತ್ತು ಇಟ್ಟ ಈ ನಂಬಿಕೆಯನ್ನು ನಮ್ಮ ಡ್ಯೂಟಿ ರೋಸ್ಟರ್‌ಗಳು ಇಟ್ಟಿಲ್ಲ.

ವಾರ್ಡ್‌ನಲ್ಲಿ ಜಾಗವಿಲ್ಲದ ಪದವಿಗೆ ಬೇಡಿಕೆ ಎಲ್ಲಿಂದ ಬರುತ್ತದೆ? ಕಾಲೇಜುಗಳಿಂದ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೇರಳದಿಂದ, ಈಶಾನ್ಯದಿಂದ ಮಕ್ಕಳು ಇಲ್ಲಿಗೆ ಬರುತ್ತಾರೆ. ಮಾನ್ಯತೆ ಉಳಿಯಬೇಕಾದರೆ ಬೋಧಕರ ಪಟ್ಟಿಯಲ್ಲಿ ಎಂ.ಎಸ್ಸಿ. ಹೆಸರುಗಳಿರಬೇಕು. ಪಟ್ಟಿಗೆ ಹೆಸರು ಸಾಕು ಎಂದಾದಾಗ ಕಲಿಕೆ ಏನಾಗುತ್ತದೆ ಎಂಬುದಕ್ಕೆ ಮಧ್ಯಪ್ರದೇಶ ಸಾಕ್ಷಿ. ಅಲ್ಲಿನ ನರ್ಸಿಂಗ್ ಕಾಲೇಜುಗಳ ತನಿಖೆಯನ್ನು ಹೈಕೋರ್ಟ್ ಸಿಬಿಐಗೆ ಒಪ್ಪಿಸಬೇಕಾಯಿತು. 2024ರ ಮೇ ತಿಂಗಳಲ್ಲಿ, ಅನುಕೂಲಕರ ವರದಿಗಾಗಿ ಲಂಚ ಪಡೆದ ಆರೋಪದ ಮೇಲೆ ತನಿಖಾ ತಂಡದವರೇ ಬಂಧನಕ್ಕೊಳಗಾದರು. ಬೇಲಿಯೇ ಹೊಲ ಮೇಯ್ದ ಈ ಪ್ರಕರಣವನ್ನು ಪಕ್ಕದ ಮನೆಯ ಜಗಳದಂತೆ ನೋಡುವ ಹಕ್ಕು ನಮಗಿಲ್ಲ.

ವಾರ್ಡ್‌ನಲ್ಲಿ ತಜ್ಞ ನರ್ಸ್ ಹುದ್ದೆ ಬೇಕೆಂದರೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದೇ: ಸಾಮಾನ್ಯ ನರ್ಸ್‌ಗಳೇ ಸಾಲದಿರುವಾಗ ತಜ್ಞ ನರ್ಸ್‌ಗಳು ಯಾಕೆ? ಒಬ್ಬೊಬ್ಬರು ಎಷ್ಟು ರೋಗಿಗಳನ್ನು ನೋಡಿಕೊಳ್ಳುತ್ತಾರೆ ಎಂಬುದು ಜೀವದ ಪ್ರಶ್ನೆ. 2014ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ, ಯುರೋಪಿನ ಒಂಬತ್ತು ದೇಶಗಳ ಅಧ್ಯಯನದ ಪ್ರಕಾರ, ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದರೆ ಶಸ್ತ್ರಚಿಕಿತ್ಸೆಗೆ ಒಳಗಾದವರ ಸಾವಿನ ಸಂಭವ ಶೇ 7ರಷ್ಟು ಏರುತ್ತದೆ. ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಹೇಳುತ್ತದೆ: ಪದವಿ ಪಡೆದ ನರ್ಸ್‌ಗಳ ಪ್ರಮಾಣ ಶೇ 10ರಷ್ಟು ಹೆಚ್ಚಿದ ಕಡೆ ಆ ಸಂಭವ ಶೇ 7ರಷ್ಟು ಕಡಿಮೆ. ಅದು ಬಿ.ಎಸ್ಸಿ. ಮಟ್ಟದ ಲೆಕ್ಕ, ಎಂ.ಎಸ್ಸಿ.ಯದ್ದಲ್ಲ, ಯುರೋಪಿನದು, ಕಲಬುರಗಿಯದ್ದಲ್ಲ. ಆದರೂ ಸಂಖ್ಯೆ ಮತ್ತು ವಿದ್ಯೆಯಲ್ಲಿ ಒಂದನ್ನು ಆರಿಸಿಕೊಳ್ಳಿ ಎನ್ನುವ ವಾದ ಅದರ ಮುಂದೆ ನಿಲ್ಲುವುದಿಲ್ಲ. ನರ್ಸ್‌ಗಳು ವೈದ್ಯರಾಗಲು ಹೊರಟಿದ್ದಾರೆ ಎಂಬ ಇನ್ನೊಂದು ಆತಂಕಕ್ಕೆ ಉತ್ತರ ಚಿಕ್ಕದು: ರಾತ್ರಿ ಎರಡು ಗಂಟೆಗೆ ಐಸಿಯುನಲ್ಲಿ ರೋಗಿಯ ಉಸಿರು ಬದಲಾದದ್ದನ್ನು ಮೊದಲು ಗಮನಿಸುವವರು ಈಗಲೂ ನರ್ಸೇ. ಅವರ ಅಧಿಕಾರ ಎಲ್ಲಿಯವರೆಗೆ ಎಂದು ಬರೆದಿಟ್ಟರೆ ವೈದ್ಯರಿಗೂ ಒಳ್ಳೆಯದು.

ಬೋಧಕರು ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು; 2023ರ ಕೇಂದ್ರ ಬಜೆಟ್‌ನಲ್ಲೇ 157 ಹೊಸ ನರ್ಸಿಂಗ್ ಕಾಲೇಜುಗಳ ಘೋಷಣೆಯಾಗಿದೆ. ಆದರೆ ಪಾಠ ಮಾಡುವವರು ವಾರ್ಡ್ ಬಿಡಬೇಕೆಂದು ಯಾರು ಹೇಳಿದರು? ವೈದ್ಯಕೀಯ ಕಾಲೇಜಿನ ಪ್ರೊಫೆಸರ್ ಬೆಳಿಗ್ಗೆ ರೌಂಡ್ಸ್‌ ಹೋಗಿ ಮಧ್ಯಾಹ್ನ ಪಾಠ ಮಾಡುತ್ತಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನರ್ಸಿಂಗ್ ಬೋಧನೆಯನ್ನೂ ಆಸ್ಪತ್ರೆಯ ಸೇವೆಯನ್ನೂ ಒಟ್ಟಿಗೇ ನಡೆಸುತ್ತ ಬಂದಿದ್ದಾರೆ. ನಿಮ್ಹಾನ್ಸ್ ಬಳ್ಳಾರಿಯಲ್ಲಿ ಪ್ರಯೋಗ ಮಾಡಿ ಆಮೇಲೆ ದೇಶಕ್ಕೇ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲೂ ಮನೋರೋಗ ನರ್ಸ್‌ಗೆ ಜಾಗವಿದೆ. ಮಾದರಿ ಹುಡುಕಲು ಹೊರದೇಶಕ್ಕೆ ನಿಯೋಗ ಹೋಗಬೇಕಿಲ್ಲ.

ರಾಜ್ಯ ಸರ್ಕಾರ ತನ್ನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಐಸಿಯು, ನವಜಾತ ಶಿಶು ಘಟಕ, ಹೆರಿಗೆ ವಾರ್ಡ್‌ಗಳಲ್ಲಿ ತಜ್ಞ ನರ್ಸ್ ಹುದ್ದೆಗಳನ್ನು ಪ್ರತ್ಯೇಕ ವೇತನಶ್ರೇಣಿಯೊಂದಿಗೆ ಮಂಜೂರು ಮಾಡಲಿ. ಶುಶ್ರೂಷಾ ಪರಿಷತ್ತಿನ 1947ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಆಯೋಗದ ಕಾಯ್ದೆ ಬಂದಿದೆ, ನಿಯಮಗಳನ್ನು ಹೊಸದಾಗಿ ಬರೆಯುವ ಹೊತ್ತು ಇದೇ. ತನ್ನ ಬೋಧಕರು ವಾರದಲ್ಲಿ ಎಷ್ಟು ದಿನ ಯಾವ ವಾರ್ಡ್‌ನಲ್ಲಿ ಕೆಲಸ ಮಾಡುತ್ತಾರೆಂದು ತೋರಿಸಲಾಗದ ಕಾಲೇಜಿಗೆ ಒಂದೇ ಒಂದು ಹೊಸ ಎಂ.ಎಸ್ಸಿ. ಸೀಟನ್ನೂ ಕೊಡಬಾರದು.