ವಸ್ತುಗಳ ಅಂತರ್ಜಾಲ ಮತ್ತು ಚಿಪ್ ಉದ್ಯಮ: ತುಮಕೂರು, ಗುಬ್ಬಿ, ಕುಣಿಗಲ್ ಭಾಗಕ್ಕೆ ಹೊಂದುವ ಹೂಡಿಕೆ ಯಾವುದು?

(ಸಾರ್ವಜನಿಕರ ಹಾಗೂ ಅರ್ಜಿದಾರರ ಅವಗಾಹನೆಗಾಗಿ)

ತುಮಕೂರು ಜಿಲ್ಲೆಯು ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಬೆಸ್ಕಾಂ ವ್ಯಾಪ್ತಿಗೆ ಒಳಪಟ್ಟಿರುತ್ತದೆ. ಸದರಿ ವ್ಯಾಪ್ತಿಯಲ್ಲಿ 2025ರ ಫೆಬ್ರವರಿಯಿಂದ ಹೊಸ ವಿದ್ಯುತ್ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯಗೊಳಿಸಲಾಯಿತು. ಅದಕ್ಕೂ ಮುನ್ನ ರೂ. 1,000ದ ಒಳಗೆ ದೊರೆಯುತ್ತಿದ್ದ ಸಿಂಗಲ್ ಫೇಸ್ ಮೀಟರಿನ ಸ್ಥಾನದಲ್ಲಿ ಸುಮಾರು ರೂ. 5,000 ಬೆಲೆಯ ಮೀಟರನ್ನು ಅರ್ಜಿದಾರರು ಖರೀದಿಸಬೇಕಾಯಿತು. ಬೆಲೆಯ ಬಗ್ಗೆ ಆಕ್ಷೇಪಣೆಗಳು ಬಂದವು. ವಿಷಯವು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಗುಬ್ಬಿಯಲ್ಲಿ ಹೊಸ ಮನೆ ಕಟ್ಟಿದವರಿಗಾಗಲಿ, ಕುಣಿಗಲ್‌ನಲ್ಲಿ ಅಂಗಡಿ ತೆರೆದವರಿಗಾಗಲಿ, ಅಲ್ಲಿಯವರೆಗೆ ವೃತ್ತಪತ್ರಿಕೆಯ ಸುದ್ದಿಯಾಗಿದ್ದ ಚಿಪ್ ತಂತ್ರಜ್ಞಾನವು ಅರ್ಜಿಯೊಡನೆ ಪಾವತಿಸುವ ಮೊತ್ತವಾಗಿ ಎದುರಾದದ್ದು ಹೀಗೆ. ಆ ಮೊತ್ತದ ಎಷ್ಟು ಭಾಗ ಈ ಜಿಲ್ಲೆಯಲ್ಲೇ ಉದ್ಯೋಗವಾಗಿ ಉಳಿಯಬಲ್ಲದು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಸ್ಮಾರ್ಟ್ ಮೀಟರಿನೊಳಗೆ ವಿದ್ಯುತ್ತನ್ನು ಅಳೆಯುವ ಒಂದು ಚಿಪ್, ಲೆಕ್ಕವಿಡುವ ಮೈಕ್ರೋಕಂಟ್ರೋಲರ್, ಸ್ಮರಣ ಕೋಶ, ಮಾಹಿತಿಯನ್ನು ಕಚೇರಿಗೆ ಕಳುಹಿಸುವ ಮೋಡೆಮ್ ಮತ್ತು ದೂರದಿಂದಲೇ ಸಂಪರ್ಕ ಕಡಿತಗೊಳಿಸಲು ಅನುವಾಗುವ ರಿಲೇ ಇರುತ್ತವೆ. ಇಂತಹ ಸಾಧನಗಳು ತಮ್ಮೊಳಗೇ ಅಳೆದು, ತಾವೇ ವರದಿ ಮಾಡುವ ವ್ಯವಸ್ಥೆಯನ್ನು ಇಂಟರ್‌ನೆಟ್ ಆಫ್ ಥಿಂಗ್ಸ್ ಅಥವಾ ವಸ್ತುಗಳ ಅಂತರ್ಜಾಲ ಎಂದು ಕರೆಯಲಾಗುತ್ತದೆ. ಸಾರ್ವಜನಿಕ ಸೇವಾ ವಾಹನಗಳ ಸ್ಥಳ ಸೂಚಕ ಸಾಧನ, ಬೀದಿದೀಪಗಳ ನಿಯಂತ್ರಕ, ಕಾಲುವೆಯ ನೀರಿನ ಮಟ್ಟ ಅಳೆಯುವ ಸಂವೇದಕ ಇವೆಲ್ಲವೂ ಇದೇ ಕುಟುಂಬಕ್ಕೆ ಸೇರಿದವು. ಇವುಗಳಿಗೆ ಮೊಬೈಲ್ ಫೋನಿನಲ್ಲಿರುವಂತಹ ಅತ್ಯಾಧುನಿಕ ಚಿಪ್ ಬೇಕಾಗುವುದಿಲ್ಲ. 28 ನ್ಯಾನೋಮೀಟರ್ ಅಥವಾ ಅದಕ್ಕಿಂತಲೂ ಹಳೆಯ ತಂತ್ರದ, ಕಡಿಮೆ ಬೆಲೆಯ, ಬಹುಕಾಲ ಬಾಳುವ ಚಿಪ್‌ಗಳು ಸಾಕಾಗುತ್ತವೆ. ಚಿಪ್ ಅಗ್ಗ, ಅದನ್ನು ಸುತ್ತುವರಿದ ವಿನ್ಯಾಸ, ತಂತ್ರಾಂಶ, ಜೋಡಣೆ, ಪರೀಕ್ಷೆ ಮತ್ತು ನಿರ್ವಹಣೆಗಳು ದುಬಾರಿ. ಹೂಡಿಕೆಯ ವಿಚಾರದಲ್ಲಿ ನಿರ್ಣಾಯಕವಾದ ಅಂಶ ಇದೇ ಆಗಿದೆ.

ಚಿಪ್ ಕಾರ್ಖಾನೆ ಎಂದರೆ ಯಾವುದು?

ಚಿಪ್ ಉದ್ಯಮ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಉದ್ಯಮಗಳಿವೆ. ಮೊದಲನೆಯದು ವಿನ್ಯಾಸ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿಗೆ ಬಂದಂದಿನಿಂದ ಇದು ಕರ್ನಾಟಕದಲ್ಲಿ ನೆಲೆಯೂರಿದೆ. ಎರಡನೆಯದು ಸಿಲಿಕಾನ್ ಬಿಲ್ಲೆಯ ಮೇಲೆ ಮಂಡಲಗಳನ್ನು ಮೂಡಿಸುವ ಫ್ಯಾಬ್. ಕೇಂದ್ರ ಸರ್ಕಾರವು 2021ರ ಡಿಸೆಂಬರ್‌ನಲ್ಲಿ ರೂ. 76,000 ಕೋಟಿಯ ಸೆಮಿಕಂಡಕ್ಟರ್ ಕಾರ್ಯಕ್ರಮಕ್ಕೆ ಅನುಮೋದನೆ ನೀಡಿತು. 2024ರ ಫೆಬ್ರವರಿಯಲ್ಲಿ ಗುಜರಾತಿನ ಧೋಲೇರಾದಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಮತ್ತು ತೈವಾನಿನ ಪಿಎಸ್‌ಎಂಸಿ ಸಂಸ್ಥೆಗಳ ಫ್ಯಾಬ್‌ಗೆ ಒಪ್ಪಿಗೆ ದೊರೆಯಿತು. ಅದರ ಹೂಡಿಕೆ ರೂ. 91,000 ಕೋಟಿ. ಮೂರನೆಯದು ಸಿದ್ಧಗೊಂಡ ಚಿಪ್‌ಗಳಿಗೆ ಕವಚ ತೊಡಿಸಿ ಪರೀಕ್ಷಿಸುವ ಪ್ಯಾಕೇಜಿಂಗ್ ಘಟಕ. ಇದರಲ್ಲಿ ನಮ್ಮ ರಾಜ್ಯದವರು ಗಮನಿಸಬೇಕಾದ ಸಂಗತಿಯೊಂದಿದೆ. ಮೈಸೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕೇನ್ಸ್ ಸಮೂಹದ ರೂ. 3,300 ಕೋಟಿಯ ಪ್ಯಾಕೇಜಿಂಗ್ ಘಟಕಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಅನುಮೋದನೆ ದೊರೆತದ್ದು ಗುಜರಾತಿನ ಸಾನಂದ್‌ನಲ್ಲಿ. ಕೌಶಲ್ಯವಿರುವ ಊರಿಗೇ ಕಾರ್ಖಾನೆ ಬರುತ್ತದೆಂಬ ನಂಬಿಕೆಯನ್ನು ಈ ಉದಾಹರಣೆಯು ಸಮರ್ಥಿಸುವುದಿಲ್ಲ.

ನೀರಿನ ಪ್ರಶ್ನೆ

ಫ್ಯಾಬ್‌ಗೆ ಹಣಕ್ಕಿಂತಲೂ ಕಠಿಣವಾದ ಷರತ್ತು ನೀರು. ಬಿಲ್ಲೆಗಳನ್ನು ಹಂತಹಂತವಾಗಿ ತೊಳೆಯಲು ದಿನವೊಂದಕ್ಕೆ ದಶಲಕ್ಷಗಟ್ಟಲೆ ಲೀಟರ್ ಅತಿಶುದ್ಧ ನೀರು ಬೇಕು. 2021ರಲ್ಲಿ ತೈವಾನಿನಲ್ಲಿ ಬರ ಬಂದಾಗ ಜಗತ್ತಿನ ಅತಿ ದೊಡ್ಡ ಚಿಪ್ ತಯಾರಕ ಸಂಸ್ಥೆಯೇ ಟ್ಯಾಂಕರ್‌ಗಳಲ್ಲಿ ನೀರು ತರಿಸಬೇಕಾಯಿತು.

ತುಮಕೂರು ನಗರವು ಕುಡಿಯುವ ನೀರಿಗೆ ಬುಗುಡನಹಳ್ಳಿ ಕೆರೆಯನ್ನು, ಆ ಕೆರೆಯು ಹೇಮಾವತಿ ನಾಲೆಯನ್ನು ಅವಲಂಬಿಸಿದೆ. ಅದೇ ನಾಲೆಯ ಕೊನೆಯ ಭಾಗದಲ್ಲಿರುವ ಕುಣಿಗಲ್ ತಾಲ್ಲೂಕಿಗೆ ತನ್ನ ಪಾಲಿನ ನೀರು ತಲುಪುತ್ತಿಲ್ಲವೆಂಬ ದೂರು ಬಹುಕಾಲದ್ದು. ಈ ದೂರಿಗೆ ಪರಿಹಾರವಾಗಿ ಗುಬ್ಬಿ ತಾಲ್ಲೂಕಿನಿಂದ ಕುಣಿಗಲ್ ಕಡೆಗೆ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಕಾಮಗಾರಿಯನ್ನು ಕೈಗೊಂಡಾಗ, ತಮ್ಮ ನೀರು ಕಡಿಮೆಯಾಗುವುದೆಂಬ ಆತಂಕದಿಂದ ಗುಬ್ಬಿ, ತುಮಕೂರು ಭಾಗದ ರೈತರು 2024ರಲ್ಲಿಯೂ 2025ರಲ್ಲಿಯೂ ಪ್ರತಿಭಟನೆ ನಡೆಸಿದರು. ಎರಡೂ ಕಡೆಯವರ ಅಹವಾಲಿನಲ್ಲಿ ಹುರುಳಿದೆ. ಕೆರೆ ತುಂಬಿದರಷ್ಟೇ ತೆಂಗು, ಅಡಿಕೆ ಉಳಿಯುವ ಸೀಮೆಯಿದು. ಇಂತಹ ಸ್ಥಳದಲ್ಲಿ ಫ್ಯಾಬ್ ಸ್ಥಾಪನೆಯ ಮಾತು ಆಡುವವರು ಮೊದಲು ನೀರಿನ ಲೆಕ್ಕವನ್ನು ಜನರ ಮುಂದಿಡುವುದು ಯುಕ್ತ.

ನೀರಿನ ಲೆಕ್ಕವೇ ವಸ್ತುಗಳ ಅಂತರ್ಜಾಲದ ದೊಡ್ಡ ಮಾರುಕಟ್ಟೆಯೂ ಹೌದು. ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ತೂಬುಗಳನ್ನು ಸ್ವಯಂಚಾಲಿತಗೊಳಿಸಿ, ಹರಿವನ್ನು ದೂರದಿಂದಲೇ ಅಳೆದು ನಿಯಂತ್ರಿಸುವ ವ್ಯವಸ್ಥೆಯನ್ನು 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನ ಮಂತ್ರಿಯವರು ಉದ್ಘಾಟಿಸಿದರು. ಯಾವ ತೂಬಿನಲ್ಲಿ ಯಾವ ದಿನ ಎಷ್ಟು ನೀರು ಹರಿಯಿತು ಎಂಬ ಅಂಕಿ ಗುಬ್ಬಿಯವರಿಗೂ ಕುಣಿಗಲ್‌ನವರಿಗೂ ಒಂದೇ ಬಗೆಯಾಗಿ ಕಾಣುವಂತಾದರೆ ವಿವಾದ ಪೂರ್ತಿ ತೀರದಿದ್ದರೂ, ಚರ್ಚೆಗೆ ಒಂದು ನೆಲೆ ದೊರೆಯುತ್ತದೆ. ಅಂತಹ ಅಳತೆಯ ಸಾಧನಗಳನ್ನು ಇದೇ ಜಿಲ್ಲೆಯಲ್ಲಿ ತಯಾರಿಸಲು ಸಾಧ್ಯವಿದೆ.

ಈ ಭಾಗದಲ್ಲಿ ಇರುವ ಅನುಕೂಲಗಳು

ತುಮಕೂರಿಗೆ ಸೂಕ್ಷ್ಮ ತಯಾರಿಕೆ ಹೊಸದಲ್ಲ. 1978ರಲ್ಲಿ ಇಲ್ಲಿ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಆರಂಭವಾಯಿತು. ಮುಂದೆ ಅದರ ಒಂದು ಭಾಗ ಕ್ವಾರ್ಟ್ಜ್ ಗಡಿಯಾರಗಳ ತಯಾರಿಕೆಗೆ ಬದಲಾಯಿತು. ಕ್ವಾರ್ಟ್ಜ್ ಗಡಿಯಾರವೆಂದರೆ ಒಂದು ಹರಳು, ಒಂದು ಚಿಕ್ಕ ಚಿಪ್. ಗೇರುಗಳನ್ನು ಕೊರೆಯುವ ದಶಕಗಳ ಕೌಶಲ್ಯವನ್ನು ಬಹುಪಾಲು ಅನಗತ್ಯಗೊಳಿಸಿದ್ದು ಅದೇ ಚಿಪ್. ಮಾರುಕಟ್ಟೆ ತಿರುಗಿದ ವೇಗಕ್ಕೆ ಸಂಸ್ಥೆ ತಿರುಗಲಿಲ್ಲ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಚಿವ ಸಂಪುಟ ತೀರ್ಮಾನಿಸಿತು. ನಗರದ ಅನೇಕ ಕುಟುಂಬಗಳು ಇದನ್ನು ಯಾರೂ ಹೇಳಿಕೊಡದೆಯೇ ಬಲ್ಲವು.

ಇಂದು ವಸಂತನರಸಾಪುರ ಕೈಗಾರಿಕಾ ಪ್ರದೇಶವಿದೆ. ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ಅಂಗವಾಗಿ ತುಮಕೂರು ಕೈಗಾರಿಕಾ ನಗರಕ್ಕೆ 2020ರ ಡಿಸೆಂಬರ್‌ನಲ್ಲಿ ಸುಮಾರು ರೂ. 1,702 ಕೋಟಿಯ ಅಂದಾಜಿಗೆ ಅನುಮೋದನೆ ನೀಡಲಾಯಿತು. 2023ರ ಫೆಬ್ರವರಿ 6ರಂದು ಅದಕ್ಕೆ ಶಂಕುಸ್ಥಾಪನೆಯಾಯಿತು. ಅದೇ ದಿನ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಲೋಕಾರ್ಪಣೆಗೊಂಡಿತು. ಕುಣಿಗಲ್‌ನಲ್ಲಿ ಅಂಚೇಪಾಳ್ಯ ಕೈಗಾರಿಕಾ ಪ್ರದೇಶವೂ, ಬೆಂಗಳೂರು-ಹಾಸನ ಹೆದ್ದಾರಿ ಮತ್ತು ರೈಲು ಸಂಪರ್ಕವೂ ಇವೆ. ಮೀಟರ್, ಸಂವೇದಕ, ಸ್ಥಳ ಸೂಚಕಗಳ ಮುದ್ರಿತ ಮಂಡಲ ಫಲಕಗಳ ಜೋಡಣೆ, ಅವುಗಳ ಪರೀಕ್ಷೆ ಮತ್ತು ದುರಸ್ತಿ ಘಟಕಗಳಿಗೆ ಫ್ಯಾಬ್‌ಗೆ ಬೇಕಾಗುವ ನೀರಿನ ಅಲ್ಪಾಂಶವೂ ಬೇಕಿಲ್ಲ. ದುರಸ್ತಿಯನ್ನು ಹೂಡಿಕೆದಾರರು ಸಾಮಾನ್ಯವಾಗಿ ಕಡೆಗಣಿಸುತ್ತಾರೆ. ಲಕ್ಷಗಟ್ಟಲೆ ಸಾಧನಗಳು ಬಿಸಿಲು, ಮಳೆ, ಸಿಡಿಲಿಗೆ ಒಡ್ಡಿಕೊಂಡು ನಿಂತ ಮೇಲೆ ಸ್ಥಿರವಾದ ಕೆಲಸ ಹುಟ್ಟುವುದು ಅಲ್ಲಿಯೇ.

ಅರ್ಜಿದಾರರ ಗಮನಕ್ಕೆ

ಸಾಧನದೊಳಗಿನ ಚಿಪ್‌ಗೆ ಒಂದೇ ವಿದೇಶಿ ಮೂಲವನ್ನು ನೆಚ್ಚಿಕೊಂಡ ಯೋಜನೆಗಳು ಅಪಾಯಕಾರಿ. 2021ರ ಚಿಪ್ ಅಭಾವದಲ್ಲಿ ವಾಹನ ತಯಾರಕರೇ ಉತ್ಪಾದನೆ ತಗ್ಗಿಸಬೇಕಾಯಿತು. ಸಿ-ಡ್ಯಾಕ್ ಸಂಸ್ಥೆಯ ವೇಗ ಮತ್ತು ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್‌ಗಳನ್ನು ದೇಶದಲ್ಲಿಯೇ ವಿನ್ಯಾಸಗೊಳಿಸಲಾಗಿದೆ. ಪರ್ಯಾಯವಾಗಿ ಇವುಗಳನ್ನು ಪರಿಶೀಲಿಸಬಹುದು. ಚಿಪ್ ವಿನ್ಯಾಸದಲ್ಲಿ ತೊಡಗುವ ದೇಶೀಯ ಸಂಸ್ಥೆಗಳಿಗೆ 2021ರಲ್ಲಿ ಪ್ರಕಟವಾದ ಕೇಂದ್ರದ ವಿನ್ಯಾಸ ಪ್ರೋತ್ಸಾಹ ಯೋಜನೆಯು ಅರ್ಹ ವೆಚ್ಚದ ಶೇ. 50ರವರೆಗೆ, ಗರಿಷ್ಠ ರೂ. 15 ಕೋಟಿ ನೆರವನ್ನು ನಿಗದಿಪಡಿಸಿತ್ತು. ಅರ್ಜಿ ಸ್ವೀಕಾರದ ಅವಧಿಯನ್ನು ಖಚಿತಪಡಿಸಿಕೊಂಡ ನಂತರವೇ ಇದನ್ನು ಯೋಜನಾ ವರದಿಯಲ್ಲಿ ಸೇರಿಸತಕ್ಕದ್ದು.

ನಿಸ್ತಂತು ಸಾಧನಗಳಿಗೆ ದೂರಸಂಪರ್ಕ ಇಲಾಖೆಯ ಉಪಕರಣ ಮಾದರಿ ಅನುಮೋದನೆ, ಸ್ಮಾರ್ಟ್ ಮೀಟರುಗಳಿಗೆ ಐಎಸ್ 16444 ಮಾನಕದ ಪರೀಕ್ಷೆ ಅಗತ್ಯ. ಈ ಪರೀಕ್ಷೆಗಳಿಗೆ ತಗಲುವ ತಿಂಗಳುಗಳನ್ನು ಬ್ಯಾಂಕ್ ಸಾಲದ ಮರುಪಾವತಿ ವೇಳಾಪಟ್ಟಿಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳದ ಸಣ್ಣ ಘಟಕಗಳು ಮೊದಲ ಮಾರಾಟಕ್ಕೂ ಮುನ್ನ ತೊಂದರೆಗೆ ಸಿಲುಕುತ್ತವೆ.

ರೂ. 15 ಕೋಟಿವರೆಗಿನ ಯೋಜನೆಗಳನ್ನು ಜಿಲ್ಲಾ ಮಟ್ಟದ ಏಕಗವಾಕ್ಷಿ ಅನುಮೋದನಾ ಸಮಿತಿಯು ಪರಿಗಣಿಸುತ್ತದೆ. ಅರ್ಜಿದಾರರು ತುಮಕೂರಿನ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದು. ಯೋಜನಾ ವರದಿಯಲ್ಲಿ ಭೂಮಿ ಮತ್ತು ವಿದ್ಯುತ್ತಿನ ಜೊತೆಗೆ ದಿನವಹಿ ನೀರಿನ ಬೇಡಿಕೆ, ಅದರ ಮೂಲ ಹಾಗೂ ಮರುಬಳಕೆಯ ಪ್ರಮಾಣವನ್ನು ಪ್ರತ್ಯೇಕವಾಗಿ ನಮೂದಿಸುವುದು ಸೂಕ್ತ.