ಮೆಣಸಿನ ಹೊಲದ ನುಸಿ ಮತ್ತು ಮಣ್ಣಿನ ಬ್ಯಾಕ್ಟೀರಿಯಾ

ಕುಂದಗೋಳ, ಹುಬ್ಬಳ್ಳಿ ಭಾಗದ ಬ್ಯಾಡಗಿ ಮೆಣಸಿನ ಹೊಲಗಳಲ್ಲಿ ಎಲೆ ಮುಟುರುವುದು ಹಳೆಯ ಸಂಕಟ. ಎಲೆ ಮೇಲ್ಮುಖವಾಗಿ ಮುದುಡಿದರೆ ಥ್ರಿಪ್ಸ್, ಕೆಳಮುಖವಾದರೆ ಮೈಟ್ ನುಸಿ. ಎಂಟು ಕಾಲಿನ ಈ ನುಸಿ ಕೀಟವಲ್ಲ, ಜೇಡನ ಬಳಗದ್ದು. ಅನೇಕ ಕೀಟನಾಶಕಗಳಿಗೆ ಅದು ಮಣಿಯದು. ಅದನ್ನು ತಿನ್ನುವ ಜೀವಿಗಳೇ ಸಾಯುತ್ತವೆ. ಸಾಲ ಮಾಡಿ ತಂದ ಔಷಧಿಯಿಂದಲೇ ನುಸಿ ಹೆಚ್ಚುವುದು ರೈತಬಂಧುಗಳ ದುರ್ದೈವ.

ನುಸಿಗೆ ಬಳಸುವ ಅಬಾಮೆಕ್ಟಿನ್‌ನ ಮೂಲ ಜಪಾನಿನ ಮಣ್ಣಿನ ಒಂದು ಬ್ಯಾಕ್ಟೀರಿಯಾ. ಅದರ ಶೋಧಕ್ಕಾಗಿ ಸತೋಶಿ ಒಮುರಾ, ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಸಂದಿತು. ಆದರೆ ಜೈವಿಕವೆಂದ ಮಾತ್ರಕ್ಕೆ ಅದು ನಿರಪಾಯವಲ್ಲ: ಜೇನಿಗೆ ಅದು ವಿಷವೇ, ಪದೇ ಪದೇ ಸಿಂಪಡಿಸಿದರೆ ನುಸಿ ಅದಕ್ಕೂ ಒಗ್ಗಿಕೊಳ್ಳುತ್ತದೆ. ಸ್ಯೂಡೋಮೊನಾಸ್, ಬ್ಯಾಸಿಲಸ್‌ನಂಥ ಜೀವಂತ ಬ್ಯಾಕ್ಟೀರಿಯಾಗಳ ಬಳಕೆ ಸೌಮ್ಯವಾದರೂ ನಿಧಾನದ ದಾರಿ. ಬಿಸಿಲಿನಲ್ಲಿ ಕುಳಿತ ಪೊಟ್ಟಣದಲ್ಲಿ ಸ್ಯೂಡೋಮೊನಾಸ್ ಸತ್ತಿರಬಹುದು. ಕೃಷಿ ವಿಶ್ವವಿದ್ಯಾಲಯ ಧಾರವಾಡದಲ್ಲೇ ಇರುವಾಗ, ಕಾಯಕನಿಷ್ಠ ರೈತನು ಅಂಗಡಿಯವನ ಮಾತನ್ನಷ್ಟೇ ನಂಬಬೇಕೇ?